ಋತುಬಂಧಪೂರ್ವ ಕಾಲದ ಜೋಮು ಮತ್ತು ನರಸಂವೇದನೆಗಳು

ಮುಟ್ಟು ಪೂರ್ತಿಯಾಗಿ ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಹೆಂಗಸರ ಕೈಕಾಲು, ಮುಖ, ನಾಲಿಗೆ, ನೆತ್ತಿ, ಬೆನ್ನುಗಳಲ್ಲಿ ಹೊರಗಿನಿಂದ ಏನೂ ತಾಗದಿದ್ದರೂ ಕಾಣಿಸಿಕೊಳ್ಳುವ ಜುಮುಜುಮು, ಮರಗಟ್ಟುವಿಕೆ, ಉರಿ, ಸೂಜಿ ಚುಚ್ಚಿದಂಥ ನೋವು, ಇರುವೆ ಹರಿದಂಥ ಭಾವನೆ ಹಾಗೂ ಕರೆಂಟು ಹೊಡೆದಂಥ ಕ್ಷಣಮಾತ್ರದ ಅನುಭವ. ವೈದ್ಯರು ಇವನ್ನೆಲ್ಲ ಒಟ್ಟಾಗಿ ಪ್ಯಾರೆಸ್ತೀಸಿಯಾ ಎನ್ನುತ್ತಾರೆ. ಚರ್ಮದ ಮೇಲೋ ಒಳಗೋ ಹುಳ ಹರಿದಂತೆ ಅನಿಸುವುದಕ್ಕೆ ಫಾರ್ಮಿಕೇಷನ್ ಎಂಬ ಬೇರೆ ಹೆಸರಿದೆ. ಎರಡೂ ಲಕ್ಷಣಗಳ ಹೆಸರುಗಳು. ಕಾಯಿಲೆ ಯಾವುದೆಂಬುದನ್ನು ಅವು ಹೇಳುವುದಿಲ್ಲ.

ಕನ್ನಡ ನಾಡಿನಲ್ಲಿ ಇದನ್ನು ಹೇಳಿಕೊಳ್ಳುವ ಮಾತುಗಳಿಗೆ ಬರವಿಲ್ಲ. ಹಳೇ ಮೈಸೂರಿನ ಕಡೆ ‘ಕೈ ಜೋಮು ಹಿಡಿದಿದೆ’ ಎಂದರೆ ಧಾರವಾಡದ ಕಡೆ ‘ಕೈ ಜುಂ ಅಂತೈತಿ’ ಎನ್ನುತ್ತಾರೆ. ಪಾದ ಉರಿಯುವುದು, ಬೆರಳು ಮರಗಟ್ಟುವುದು, ಕಾಲು ಹಿಂಡಿದಂತಾಗುವುದು ಎಲ್ಲ ಊರಿನಲ್ಲೂ ಕೇಳಿಬರುವ ದೂರುಗಳು. ಬರವಿರುವುದು ಉತ್ತರಕ್ಕೆ. ‘ಮುಟ್ಟು ನಿಲ್ಲೋ ವಯಸ್ಸಲ್ವಾ, ಹಂಗೇ ಇರುತ್ತೆ’ ಎಂಬ ಒಂದೇ ಸಮಾಧಾನ ಅಕ್ಕಪಕ್ಕದವರಿಂದಲೂ ಸಿಗುತ್ತದೆ, ಎಷ್ಟೋ ಸಲ ವೈದ್ಯರಿಂದಲೂ ಸಿಗುತ್ತದೆ. ಆ ಮಾತು ಕೆಲವರ ಪಾಲಿಗೆ ನಿಜ. ಆದರೆ ಉಳಿದ ಕಾರಣಗಳನ್ನು ನೋಡಿಯಾದ ಮೇಲಷ್ಟೇ ಅದನ್ನು ಹೇಳಬಹುದು. ಈ ವಯಸ್ಸಿನಲ್ಲಿ ನರಕ್ಕೆ ತೊಂದರೆ ಕೊಡುವ, ಚಿಕಿತ್ಸೆಯಿಂದ ವಾಸಿಯಾಗುವ ಹಲವು ಕಾಯಿಲೆಗಳು ಇದೇ ಹೊತ್ತಿಗೆ ತಲೆಯೆತ್ತುತ್ತವೆ.

ಕಾಲಘಟ್ಟ

ಸತತ 12 ತಿಂಗಳು ಮುಟ್ಟಾಗದೆ ಇದ್ದರೆ ಕೊನೆಯ ಮುಟ್ಟಿನ ದಿನವನ್ನು ಋತುಬಂಧ ಎಂದು ಹಿಂದಿರುಗಿ ನೋಡಿ ಗುರುತಿಸುತ್ತಾರೆ. ಅದಕ್ಕೆ ಮೊದಲಿನ ಏರುಪೇರಿನ ವರ್ಷಗಳೂ ಅದರ ನಂತರದ ಒಂದು ವರ್ಷವೂ ಸೇರಿ ಪೆರಿಮೆನೋಪಾಸ್, ಅಂದರೆ ಋತುಬಂಧಪೂರ್ವ ಕಾಲ. 2001ರಲ್ಲಿ ರೂಪಿಸಿ 2011ರಲ್ಲಿ ಪರಿಷ್ಕರಿಸಿದ ಸ್ಟ್ರಾ ಎಂಬ ಅಂತರರಾಷ್ಟ್ರೀಯ ವರ್ಗೀಕರಣವು ಇದನ್ನು ಎರಡು ಹಂತವಾಗಿ ನೋಡುತ್ತದೆ. ಒಂದು ಚಕ್ರಕ್ಕೂ ಮುಂದಿನದಕ್ಕೂ 7 ದಿನ ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡುಬಂದರೆ ಮೊದಲ ಹಂತ; ಮುಟ್ಟು 60 ದಿನ ಅಥವಾ ಅದಕ್ಕೂ ಮಿಗಿಲಾಗಿ ತಡವಾಗತೊಡಗಿದರೆ ಎರಡನೆಯದು.

ಅಮೆರಿಕ, ಯುರೋಪುಗಳಲ್ಲಿ ಋತುಬಂಧದ ಸರಾಸರಿ ವಯಸ್ಸು 51ರ ಆಸುಪಾಸು. ಭಾರತದ ಹೆಂಗಸರಲ್ಲಿ ಅದು 46–47. ಹಾಗಾಗಿ ಇಲ್ಲಿ 40 ದಾಟುತ್ತಿದ್ದಂತೆಯೇ ಈ ಏರುಪೇರು ಶುರುವಾದರೆ ಅಚ್ಚರಿಯಿಲ್ಲ. ಗರ್ಭಕೋಶ ತೆಗೆಸಿಕೊಂಡವರ ಪಾಡು ಬೇರೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಆಂಧ್ರ ಮತ್ತು ತೆಲಂಗಾಣಗಳಲ್ಲಿ, ಮೂವತ್ತರ ಹರೆಯದಲ್ಲೇ ಈ ಶಸ್ತ್ರಕ್ರಿಯೆಗೆ ಒಳಗಾದ ಹೆಂಗಸರು ಬಹಳ. ಅಂಡಾಶಯ ಉಳಿದಿದ್ದರೆ ಹಾರ್ಮೋನಿನ ಏರಿಳಿತ ನಡೆದೇ ಇರುತ್ತದೆ, ಆದರೆ ಅದನ್ನು ತೋರಿಸಿಕೊಡುವ ಮುಟ್ಟು ಇರುವುದಿಲ್ಲ. ಅಂಥವರ ಕೈಯಲ್ಲಿ ಜೋಮು ಬಂದಾಗ ಅದನ್ನು ಋತುಬಂಧಕ್ಕೆ ಹೊಂದಿಸಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಅಂಡಾಶಯವನ್ನೂ ತೆಗೆದಿದ್ದರೆ ಹಾರ್ಮೋನು ಕೆಲವೇ ದಿನಗಳಲ್ಲಿ ಇಳಿದುಹೋಗಿ ಎಲ್ಲ ಲಕ್ಷಣಗಳೂ ಒಟ್ಟಿಗೆ ನುಗ್ಗುತ್ತವೆ.

ವೈದ್ಯಚರಿತ್ರೆಯಲ್ಲಿ

ಈ ಲಕ್ಷಣವನ್ನು ವೈದ್ಯಶಾಸ್ತ್ರ ಈಚೆಗೆ ಕಂಡುಕೊಂಡಿತು ಎಂಬ ಅಭಿಪ್ರಾಯ ಹಲವರಲ್ಲಿದೆ. ನಡೆದದ್ದು ಬಹುಮಟ್ಟಿಗೆ ಅದರ ತಿರುಗುಮುರುಗು. 1953ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಕುಪ್ಪರ್‌ಮನ್ ಮತ್ತು ಸಂಗಡಿಗರು ಋತುಬಂಧದ ತೊಂದರೆಗಳನ್ನು ಅಳೆಯಲು 11 ಲಕ್ಷಣಗಳ ಸೂಚ್ಯಂಕವೊಂದನ್ನು ಬಳಕೆಗೆ ತಂದರು. ಪ್ರತಿ ಲಕ್ಷಣದ ತೀವ್ರತೆಗೆ ಅಂಕ ಹಾಕಿ, ಅದನ್ನು ಗೊತ್ತುಪಡಿಸಿದ ತೂಕದಿಂದ ಗುಣಿಸುವ ಕ್ರಮ. ಮೈ ಬಿಸಿಯೇರುವುದಕ್ಕೆ 4ರ ತೂಕ. ಜೋಮು, ನಿದ್ರಾಹೀನತೆ, ಕಳವಳ ಈ ಮೂರಕ್ಕೆ 2. ತಲೆನೋವು, ಎದೆಬಡಿತ, ಕೀಲುನೋವು ಮೊದಲಾದ ಉಳಿದವಕ್ಕೆ 1. ಇರುವೆ ಹರಿದಂತಾಗುವುದಕ್ಕೂ ಆ ಪಟ್ಟಿಯಲ್ಲಿ ಬೇರೆಯೇ ಸ್ಥಾನವಿತ್ತು. ಅಂದರೆ 11ರಲ್ಲಿ 2 ಲಕ್ಷಣಗಳು ಚರ್ಮ ಮತ್ತು ನರದ ಸಂವೇದನೆಗೆ ಸೇರಿದವು. ಗ್ಲಾಸ್ಗೋದ ಮನೋವಿಜ್ಞಾನಿ ಜಾನ್ ಗ್ರೀನ್ ರೂಪಿಸಿದ 21 ಪ್ರಶ್ನೆಗಳ ಮಾಪಕದಲ್ಲಿಯೂ ಮೈಯ ಭಾಗಗಳು ಜುಮ್ಮೆನ್ನುವ ಬಗ್ಗೆ ಒಂದು, ಕೈಕಾಲಿನ ಸ್ಪರ್ಶ ತಪ್ಪುವ ಬಗ್ಗೆ ಇನ್ನೊಂದು ಪ್ರಶ್ನೆ ಇದೆ.

1990ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾಗಿ, ಹಲವು ಭಾಷೆಗಳಿಗೆ ಹೋಗಿ, ಭಾರತದ ಅಧ್ಯಯನಗಳಲ್ಲೂ ಹೆಚ್ಚಾಗಿ ಬಳಕೆಯಾಗುವ ಮೆನೋಪಾಸ್ ರೇಟಿಂಗ್ ಸ್ಕೇಲಿನಲ್ಲಿಯೂ 11 ಪ್ರಶ್ನೆಗಳೇ ಇವೆ. ಅವುಗಳಲ್ಲಿ ಜೋಮಿನ ಪ್ರಶ್ನೆ ಒಂದೂ ಇಲ್ಲ. ಕುಪ್ಪರ್‌ಮನ್ ಸೂಚ್ಯಂಕದ ತೂಕಗಳಿಗೆ ಅಂಕಿಸಂಖ್ಯೆಯ ಆಧಾರವಿರಲಿಲ್ಲ, ಅದನ್ನು ಕೈಬಿಟ್ಟದ್ದಕ್ಕೆ ನ್ಯಾಯವಾದ ಕಾರಣಗಳಿದ್ದವು. ಆದರೆ ಸೂಚ್ಯಂಕದ ಜೊತೆಗೆ ಪ್ರಶ್ನೆಯೂ ಹೋಯಿತು. ಕೇಳದ ಪ್ರಶ್ನೆಗೆ ಉತ್ತರ ದಾಖಲಾಗುವುದಿಲ್ಲ. ದಾಖಲಾಗದ್ದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಇಂದು ಒಬ್ಬ ಹೆಂಗಸು ತನ್ನ ಜೋಮನ್ನು ‘ವಿವರಣೆಯಿಲ್ಲದ್ದು’ ಎಂದು ಕೇಳಿಸಿಕೊಂಡು ಬರುವುದಕ್ಕೆ ಇದೂ ಒಂದು ಕಾರಣ ಎಂದು ಧೈರ್ಯವಾಗಿ ಹೇಳಬಹುದು. ಚೀನಾದ ಸ್ತ್ರೀರೋಗ ತಜ್ಞರು ಮಾತ್ರ ಕುಪ್ಪರ್‌ಮನ್ ಸೂಚ್ಯಂಕವನ್ನು ತಿದ್ದಿ ಈಗಲೂ ವ್ಯಾಪಕವಾಗಿ ಬಳಸುತ್ತಾರೆ. ಅವರ ಅಧ್ಯಯನಗಳಲ್ಲಿ ಜೋಮಿನ ಲೆಕ್ಕ ಸಿಗುತ್ತದೆ.

ಇದಕ್ಕಿಂತ ಹಳೆಯ ಇನ್ನೊಂದು ಕತೆಯಿದೆ. ಅದರ ಪಾಠ ಬೇರೆ ದಿಕ್ಕಿನದು. 1880ರಲ್ಲಿ ಬಾಸ್ಟನ್ನಿನ ನರವೈದ್ಯ ಜೇಮ್ಸ್ ಜಾಕ್ಸನ್ ಪಟ್ನಮ್ ಮೂವತ್ತಕ್ಕೂ ಹೆಚ್ಚು ರೋಗಿಗಳ ಬಗ್ಗೆ ಬರೆದ. ಬಹುತೇಕ ಹೆಂಗಸರು. ರಾತ್ರಿಯೋ ಬೆಳಗಿನ ಜಾವವೋ ಕೈ ಮರಗಟ್ಟಿ ಎಚ್ಚರವಾಗುತ್ತದೆ, ಕೈಯನ್ನು ಮಂಚದಿಂದ ಇಳಿಬಿಟ್ಟರೆ, ಕೊಡವಿದರೆ, ಉಜ್ಜಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ರಕ್ತನಾಳಗಳ ಹಿಗ್ಗು ಕುಗ್ಗುಗಳೇ ಇದಕ್ಕೆ ಕಾರಣವಿರಬಹುದೆಂದು ಅವನ ಊಹೆ. 1893ರಲ್ಲಿ ಜರ್ಮನಿಯ ಫ್ರೆಡ್ರಿಕ್ ಶುಲ್ಟ್ಸೆ ಇದಕ್ಕೆ ಆಕ್ರೋಪ್ಯಾರೆಸ್ತೀಸಿಯಾ ಎಂದು ಹೆಸರಿಟ್ಟ. ಅಲ್ಲಿಂದ ಅರ್ಧ ಶತಮಾನ ಅದು ನಡುವಯಸ್ಸಿನ ಹೆಂಗಸರ ಕಾಯಿಲೆಯೆಂದೇ ಪುಸ್ತಕಗಳಲ್ಲಿ ಉಳಿಯಿತು. ನಡುವೆ 1913ರಲ್ಲಿ ಪ್ಯಾರಿಸ್ಸಿನ ಪಿಯೆರ್ ಮಾರಿ ಮತ್ತು ಶಾರ್ಲ್ ಫ್ವಾ ಒಂದು ಶವಪರೀಕ್ಷೆಯಲ್ಲಿ ಮಣಿಕಟ್ಟಿನ ಪಟ್ಟಿಯ ಕೆಳಗೆ ಮೀಡಿಯನ್ ನರ ಅದುಮಿಹೋದದ್ದನ್ನು ತೋರಿಸಿ, ಆ ಪಟ್ಟಿಯನ್ನು ಕೊಯ್ದರೆ ತೊಂದರೆ ತಪ್ಪಬಹುದು ಎಂದೂ ಬರೆದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುತ್ತಿಗೆಯ ಪಕ್ಕೆಲುಬು ನರವನ್ನು ಒತ್ತುತ್ತಿದೆಯೆಂದು ನಂಬಿ ಅಲ್ಲಿ ಕತ್ತರಿ ಆಡಿಸಿದ ಶಸ್ತ್ರವೈದ್ಯರೂ ಇದ್ದರು. 1947ರಲ್ಲಿ ಲಂಡನ್ನಿನ ರಸೆಲ್ ಬ್ರೇನ್, ಡಿಕ್ಸನ್ ರೈಟ್ ಮತ್ತು ಮಾರ್ಷಿಯಾ ವಿಲ್ಕಿನ್‌ಸನ್ 6 ರೋಗಿಗಳ ಶಸ್ತ್ರಕ್ರಿಯೆಯ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಕ್ಲೀವ್‌ಲೆಂಡಿನ ಜಾರ್ಜ್ ಫೇಲನ್ 1950ರ ದಶಕದಲ್ಲಿ ಅದನ್ನು ಎಲ್ಲ ವೈದ್ಯರ ಬಾಯಲ್ಲೂ ನಿಲ್ಲುವಂತೆ ಮಾಡಿದ. ಅದೇ ಇಂದಿನ ಕಾರ್ಪಲ್ ಟನಲ್ ಸಿಂಡ್ರೋಮ್. ವಯಸ್ಸನ್ನು ನೋಡಿ ಸುಮ್ಮನಾದ ವೈದ್ಯರ ಮುಂದೆ ಎರಡು ಮೂರು ತಲೆಮಾರಿನ ಹೆಂಗಸರು ರಾತ್ರಿಯೆಲ್ಲ ಕೈ ಕೊಡವುತ್ತ ಕುಳಿತಿದ್ದರು. ಇದ್ದದ್ದು ಮಣಿಕಟ್ಟಿನಲ್ಲಿ ಸಿಕ್ಕಿಕೊಂಡ ನರ.

ಹಾರ್ಮೋನು ಮತ್ತು ನರ

ಈಸ್ಟ್ರೋಜನ್ ಗರ್ಭಕೋಶಕ್ಕೆ ಮಾತ್ರ ಸೇರಿದ ಹಾರ್ಮೋನಲ್ಲ. ಅದನ್ನು ಗುರುತಿಸುವ ಗ್ರಾಹಕಗಳಲ್ಲಿ ಎರಡು ಮುಖ್ಯ ಬಗೆ; ಎರಡನೆಯದನ್ನು 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪತ್ತೆಮಾಡಿದರು. ಇವೆರಡೂ ಮಿದುಳಿನಲ್ಲಿವೆ, ಬೆನ್ನುಹುರಿಯಲ್ಲಿವೆ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲೂ ಇವೆ. ಕೈಕಾಲು, ಮೈಯ ಚರ್ಮದಿಂದ ಬರುವ ಸ್ಪರ್ಶ, ಕಾವು, ನೋವುಗಳ ಸುದ್ದಿಯೆಲ್ಲ ಆ ನರಗಂಟುಗಳನ್ನು ದಾಟಿಯೇ ಮೇಲೆ ಹೋಗಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈಸ್ಟ್ರೋಜನ್ ಏರಿಳಿದಂತೆ ಈ ನರಕೋಶಗಳ ಸೋಡಿಯಂ ದ್ವಾರಗಳೂ, ಕಾವಿಗೂ ಮೆಣಸಿನಕಾಯಿಯ ಖಾರಕ್ಕೂ ಒಂದೇ ಸಮನೆ ಸ್ಪಂದಿಸುವ ಟಿಆರ್‌ಪಿವಿ1 ಎಂಬ ದ್ವಾರವೂ ತಮ್ಮ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುವುದು ಕಂಡುಬಂದಿದೆ. ನರ ತಾನಾಗಿಯೇ ಮಿಡಿದರೆ ಮಿದುಳಿಗೆ ಅದು ಜೋಮಾಗಿಯೋ ಉರಿಯಾಗಿಯೋ ಕೇಳಿಸುತ್ತದೆ. ಜೋಮು ಕಟ್ಟುಕತೆಯಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಆದರೆ ಇಲಿಯ ನರದಿಂದ ಮನುಷ್ಯರ ಅಂಗೈವರೆಗಿನ ದಾರಿ ದೊಡ್ಡದು. ಹಾರ್ಮೋನಿಗೂ ಜೋಮಿಗೂ ಇರುವ ನಂಟನ್ನು ಮೈಬಿಸಿಯ ವಿಷಯದಲ್ಲಿ ಆದಷ್ಟು ಗಟ್ಟಿಯಾಗಿ ಮನುಷ್ಯರಲ್ಲಿ ಸಾಬೀತುಪಡಿಸಿಲ್ಲ.

ಈ ಕಾಲದಲ್ಲಿ ಈಸ್ಟ್ರೋಜನ್ ಮೆಲ್ಲಗೆ ಇಳಿಯುತ್ತ ಹೋಗುತ್ತದೆ ಎಂಬ ತಿಳಿವಳಿಕೆ ಅರ್ಧ ಸತ್ಯ. ಒಂದು ತಿಂಗಳು ಅದು ಹರೆಯದ ಮಟ್ಟವನ್ನೂ ಮೀರಿ ಏರುತ್ತದೆ, ಮುಂದಿನ ತಿಂಗಳು ನೆಲ ಕಚ್ಚುತ್ತದೆ. ಆದ್ದರಿಂದಲೇ 45 ದಾಟಿದವರಲ್ಲಿ ಎಫ್‌ಎಸ್‌ಎಚ್ ಎಂಬ ಅಂಡಾಶಯ ಪ್ರಚೋದಕ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ ಋತುಬಂಧಪೂರ್ವ ಕಾಲವನ್ನು ನಿರ್ಧರಿಸಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ ಹೇಳಿತು. ಒಂದು ದಿನದ ರಕ್ತದ ಅಂಕಿ ಮರುವಾರದ ಜೋಮಿಗೆ ಸಾಕ್ಷಿಯಾಗಲಾರದು.

ಮೈಬಿಸಿಯ ಜೊತೆಗೆ ಬರುವ ಜೋಮಿಗೆ ಇನ್ನೊಂದು ದಾರಿಯೂ ಇದೆ. ಮಿದುಳಿನ ಹೈಪೊಥಲಾಮಸ್ಸಿನಲ್ಲಿ ಮೈಯ ಕಾವನ್ನು ಕಾಯುವ ಭಾಗ ಈಸ್ಟ್ರೋಜನ್ ತಗ್ಗಿದಾಗ ಸಣ್ಣ ಏರಿಕೆಯನ್ನೂ ಸಹಿಸದೆ ಚರ್ಮದ ರಕ್ತನಾಳಗಳನ್ನು ಏಕಾಏಕಿ ತೆರೆದು ಬೆವರು ಹರಿಸುತ್ತದೆ. ಇಂಥ ಅಲೆ ಕೆಲವು ನಿಮಿಷ ಇರುತ್ತದೆ. ಅದು ಏಳುವುದಕ್ಕೆ ತುಸು ಮುಂಚೆ ಬೆರಳ ತುದಿ, ಮುಖ, ಎದೆಗಳಲ್ಲಿ ಜುಮ್ಮೆನ್ನುವುದನ್ನೂ ಕರೆಂಟು ಹರಿದಂತಾಗುವುದನ್ನೂ ಹಲವರು ಹೇಳುತ್ತಾರೆ. ಎದೆಬಡಿತ ಏರಿ ಗಾಬರಿಯಾದಾಗ ಉಸಿರಾಟ ಜೋರಾಗುತ್ತದೆ; ರಕ್ತದ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ, ಅದರಿಂದ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ತಗ್ಗಿ, ತುಟಿಯ ಸುತ್ತಲೂ ಎರಡು ಕೈಯ ಬೆರಳುಗಳಲ್ಲೂ ಜೋಮು ಏಳುತ್ತದೆ. ಇದು ‘ಮನಸ್ಸಿನದು’ ಎಂದು ತಳ್ಳಿಹಾಕುವವರು ಈ ರಸಾಯನ ಕ್ರಿಯೆಯನ್ನು ನೆನೆಯಬೇಕು. ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಬಂದರೆ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ, ರೋಗನಿರ್ಣಯಕ್ಕೂ ಅದೇ ಸುಳಿವಾಗುತ್ತದೆ.

ಚರ್ಮದ ಪಾಲೂ ಇದೆ. ಋತುಬಂಧವಾದ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು 30%ರಷ್ಟು ಕಡಿಮೆಯಾಗುತ್ತದೆ, ಎಣ್ಣೆ ಅಂಶ ಬತ್ತುತ್ತದೆ. ಒಣಗಿದ ಚರ್ಮದ ನವೆಯೂ ಇರುವೆ ಹರಿದಂಥ ಭಾವನೆಯೂ ಒಂದಕ್ಕೊಂದು ಹತ್ತಿರದವು. ಇನ್ನು ನಾಲಿಗೆ. ನೋಡಿದರೆ ಕೆಂಪಿಲ್ಲ, ಹುಣ್ಣಿಲ್ಲ, ಆದರೂ ನಾಲಿಗೆಯ ತುದಿ ಮತ್ತು ಅಂಚು ಸುಟ್ಟಂತೆ ಉರಿಯುತ್ತದೆ. ಬೆಳಿಗ್ಗೆ ಕಡಿಮೆಯಿದ್ದು ಸಂಜೆಗೆ ಏರುತ್ತದೆ. ಸಾರು, ಚಟ್ನಿ ಬಾಯಿಗಿಡಲಾಗದು. ಬರ್ನಿಂಗ್ ಮೌತ್ ಸಿಂಡ್ರೋಮ್ ಎಂಬ ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು, ಅದರಲ್ಲೂ ಋತುಬಂಧದ ಆಚೀಚೆ. ಇಂಥ ಕೆಲವರ ನಾಲಿಗೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅತಿ ಸಣ್ಣ ನರತಂತುಗಳು ಕಡಿಮೆಯಾಗಿದ್ದುದು ಕಂಡುಬಂತು.

ಋತುಬಂಧದ ಮರೆಯಲ್ಲಿರುವ ಕಾರಣಗಳು

ಇಲ್ಲಿ ಮೊದಲ ಸ್ಥಾನ ಕಾರ್ಪಲ್ ಟನಲ್ಲಿನದು. ಮಣಿಕಟ್ಟಿನ ಮೂಳೆಗಳೂ ಒಂದು ಗಟ್ಟಿ ಪಟ್ಟಿಯೂ ಸೇರಿ ಮಾಡಿದ ಇಕ್ಕಟ್ಟಾದ ದಾರಿಯಲ್ಲಿ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಸಾಗುತ್ತದೆ. ಒಳಗಿನ ಪೊರೆ ಸ್ವಲ್ಪ ಊದಿದರೂ ಮೊದಲು ಅದುಮಿಹೋಗುವುದು ನರವೇ. ಹೆಂಗಸರಲ್ಲಿ ಇದು ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು; 45ರಿಂದ 55ರ ನಡುವೆ ಬಹಳ ಕಾಣಿಸಿಕೊಳ್ಳುತ್ತದೆ. ಹಾರ್ಮೋನಿನ ಕೈವಾಡ ಇಲ್ಲಿ ಇದ್ದೇ ಇದೆ. ಬಸುರಿಯರಲ್ಲಿಯೂ ಇದು ಬರುತ್ತದೆ, ಸ್ತನ ಕ್ಯಾನ್ಸರಿಗೆ ಈಸ್ಟ್ರೋಜನ್ ತಯಾರಿಯನ್ನೇ ತಡೆಯುವ ಅನಾಸ್ಟ್ರೊಜೋಲ್ ಮಾತ್ರೆ ತೆಗೆದುಕೊಳ್ಳುವವರಲ್ಲಿಯೂ ಹೆಚ್ಚುತ್ತದೆ. ಮಣಿಕಟ್ಟನ್ನು ಬಾಗಿಸಿ ಬೆರಳುಗಳಿಗೆ ಬಿಡುವಿಲ್ಲದೆ ಕೆಲಸ ಕೊಡುವುದು ಇನ್ನೊಂದು ಕಾರಣ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರು, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು, ದಿನವಿಡೀ ರೊಟ್ಟಿ ಬಡಿಯುವವರು ಈ ವಯಸ್ಸಿಗೆ ಬರುವ ಹೊತ್ತಿಗೆ ಎರಡೂ ಕಾರಣಗಳು ಒಂದೇ ಕೈಯಲ್ಲಿ ಸೇರಿರುತ್ತವೆ.

ಇದನ್ನು ಗುರುತಿಸಲು ಬೆರಳುಗಳನ್ನು ಹತ್ತಿರದಿಂದ ನೋಡಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿರುತ್ತವೆ. ಉಂಗುರ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಜೋಮು ಹಿಡಿದಿದ್ದು, ಕಿರುಬೆರಳಿನ ಕಡೆಯ ಅರ್ಧ ಸರಿಯಾಗಿರುತ್ತದೆ. ಒಂದೇ ಬೆರಳಿನ ಮೇಲೆ ಹೀಗೆ ಗೆರೆ ಎಳೆದಂತೆ ಎರಡಾಗುವುದನ್ನು ಹಾರ್ಮೋನು ಮಾಡಲಾರದು, ನರ ಮಾತ್ರ ಮಾಡಬಲ್ಲುದು. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರಾಗುತ್ತದೆ. ಬಸ್ಸಿನ ಕಂಬಿ ಹಿಡಿದು ನಿಂತಾಗ, ಸ್ಕೂಟರ್ ಓಡಿಸುವಾಗ, ಮೊಬೈಲು ಹಿಡಿದಾಗ ಮರುಕಳಿಸುತ್ತದೆ. ಎರಡು ಹಿಂಗೈಗಳನ್ನು ಒಂದಕ್ಕೊಂದು ಒತ್ತಿ ಮಣಿಕಟ್ಟನ್ನು ಪೂರ್ತಿ ಬಾಗಿಸಿ ಒಂದು ನಿಮಿಷ ಹಿಡಿದರೆ ಜೋಮು ಏಳುತ್ತದೆಯೇ ನೋಡುವುದು ಫೇಲನ್ ಪರೀಕ್ಷೆ. ಕಿರುಬೆರಳೇ ಮುಖ್ಯವಾಗಿ ಮರಗಟ್ಟುತ್ತಿದ್ದರೆ ತೊಂದರೆ ಮೊಣಕೈಯ ಅಲ್ನಾರ್ ನರದಲ್ಲಿರಬಹುದು. ಕುತ್ತಿಗೆ ತಿರುಗಿಸಿದಾಗ ತೋಳಿಗೆ ಇಳಿಯುವ ನೋವು, ಜೋಮು ಕತ್ತಿನ ಮೂಳೆ ಸವೆತದ ಸೂಚನೆ. ಹೆಬ್ಬೆರಳ ಬುಡದ ಮಾಂಸಖಂಡ ಬತ್ತುತ್ತಿದ್ದರೆ, ಕೈಯಲ್ಲಿ ಹಿಡಿದ ಲೋಟ ಜಾರುತ್ತಿದ್ದರೆ ಇನ್ನು ತಡಮಾಡಬಾರದು.

ಕಾಲಿನ ಜೋಮಿಗೆ ನಮ್ಮಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ವಿಟಮಿನ್ ಬಿ12. ಸೊಪ್ಪು, ತರಕಾರಿ, ಬೇಳೆಕಾಳು, ರಾಗಿ ಯಾವುದರಲ್ಲೂ ಅದು ಇಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಗತಿ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಹೆಂಗಸಿಗೆ ಅದೂ ಸಾಕಷ್ಟು ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲಿ, ಅವರು ಮಾಂಸ ತಿನ್ನುವವರಾದರೂ, ಬಿ12 ಹೀರಿಕೆ ಕುಂದುತ್ತದೆ. ಪಿತ್ತಜನಕಾಂಗದ ದಾಸ್ತಾನು ಕೆಲವು ವರ್ಷ ತಡೆಯುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ತೋರುತ್ತದೆ. ಎರಡೂ ಅಂಗಾಲಿನಲ್ಲಿ ಒಟ್ಟಿಗೆ ಜೋಮು, ಹತ್ತಿಯ ಮೇಲೆ ನಡೆದಂಥ ಭಾವನೆ, ಕತ್ತಲಲ್ಲಿ ಅಥವಾ ಕಣ್ಣುಮುಚ್ಚಿ ಮುಖ ತೊಳೆಯುವಾಗ ವಾಲಿದಂತಾಗುವುದು, ಮರೆವು ಅದರ ಲಕ್ಷಣಗಳು. ರಕ್ತಹೀನತೆ ಇಲ್ಲ ಎಂದ ಮಾತ್ರಕ್ಕೆ ಬಿ12 ಸರಿಯಾಗಿದೆ ಎಂದುಕೊಳ್ಳುವಂತಿಲ್ಲ: ಜಾನ್ ಲಿಂಡನ್‌ಬಾಮ್ ಮತ್ತು ಸಂಗಡಿಗರು 1988ರಲ್ಲಿ ವರದಿ ಮಾಡಿದ, ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಗೆ ಒಳಗಾದ 141 ಜನರಲ್ಲಿ 40 ಮಂದಿಗೆ ರಕ್ತಹೀನತೆಯಾಗಲಿ ಕೆಂಪು ರಕ್ತಕಣಗಳ ಊತವಾಗಲಿ ಇರಲಿಲ್ಲ. ಬೆನ್ನುಹುರಿಗೆ ಪೆಟ್ಟು ಬೀಳುವವರೆಗೆ ಕಾದರೆ ಪೂರ್ತಿ ಚೇತರಿಕೆ ಕಷ್ಟ. ಅಗ್ಗದ ಇಂಜೆಕ್ಷನ್ನಿನಿಂದ ತಡೆಯಬಹುದಾದ ನಷ್ಟ ಇದು.

ಸಕ್ಕರೆ ಕಾಯಿಲೆಯ ಜೋಮೂ ಎರಡು ಪಾದಗಳಿಂದಲೇ ಮೇಲೇರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಎಷ್ಟೋ ಜನಕ್ಕೆ ಪಾದದ ಉರಿಯೇ ಮೊದಲ ಸುಳಿವು. ಥೈರಾಯ್ಡ್ ಕುಂದಿದರೆ ಆಯಾಸ, ತೂಕ ಏರಿಕೆ, ಮುಟ್ಟಿನ ಏರುಪೇರು, ಕೂದಲುದುರುವಿಕೆ, ಮರೆವು ಎಲ್ಲವೂ ಬರುತ್ತವೆ, ಜೊತೆಗೆ ಕಾರ್ಪಲ್ ಟನಲ್ಲೂ ಬರುತ್ತದೆ. ಋತುಬಂಧಪೂರ್ವ ಕಾಲದ ಪಡಿಯಚ್ಚಿನಂತಿರುವ ಈ ಕಾಯಿಲೆಯನ್ನು ಟಿಎಸ್‌ಎಚ್ ಪರೀಕ್ಷೆಯೊಂದು ಬಯಲಿಗೆಳೆಯುತ್ತದೆ.

ಈ ಕಾಲದ ಅತಿಸ್ರಾವ ಇನ್ನೊಂದು ಬಾಗಿಲು ತೆರೆಯುತ್ತದೆ. ತಿಂಗಳಿಗೆ ಎರಡು ಸಲ, ಗಡ್ಡೆ ಗಡ್ಡೆಯಾಗಿ ಮುಟ್ಟು ಹೋದರೆ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ 57%, ಕರ್ನಾಟಕದಲ್ಲಿ 47.8%. ಕಬ್ಬಿಣ ತಗ್ಗಿದವರಲ್ಲಿ ಸಂಜೆಯ ಮೇಲೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ, ಮಲಗಿದರೆ ಹೆಚ್ಚಾಗಿ, ಎದ್ದು ನಡೆದರೆ ಮಾತ್ರ ಶಮನವಾಗುವ ತೊಂದರೆ ಕಾಣಿಸಿಕೊಳ್ಳುತ್ತದೆ. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಇದನ್ನು ವಿವರವಾಗಿ ಬರೆದು ರೆಸ್ಟ್‌ಲೆಸ್ ಲೆಗ್ಸ್ ಎಂಬ ಹೆಸರು ಕೊಟ್ಟ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಕಡಿಮೆಯಿರಬಹುದು. ಆ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು.

ಕಣ್ಣು, ಬಾಯಿ ಒಣಗುವುದನ್ನು ಹಾರ್ಮೋನಿನ ತಲೆಗೆ ಕಟ್ಟಿ ಬಿಟ್ಟುಬಿಡುವುದರಿಂದ ಶೋಗ್ರೆನ್ ಸಿಂಡ್ರೋಮ್ ತಪ್ಪಿಸಿಕೊಳ್ಳುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ಬರುವುದು ಹೆಚ್ಚಾಗಿ ಈ ವಯಸ್ಸಿನ ಹೆಂಗಸರಿಗೇ, ಅದು ನರಗಳನ್ನೂ ಕೆಡಿಸುತ್ತದೆ. ಕುಷ್ಠರೋಗವನ್ನೂ ಮರೆಯಬಾರದು. 2005ರ ಕೊನೆಯಲ್ಲಿ ಭಾರತ ಅದರ ಪ್ರಮಾಣವನ್ನು 10,000ಕ್ಕೆ ಒಂದಕ್ಕಿಂತ ಕೆಳಗೆ ತಂದಿತಾದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲಿಯವರೇ. ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆ, ದಪ್ಪಗಾದ ನರ ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ. ನಾಚಿಕೆಯಿಂದ ತಡಮಾಡಿದರೆ ಬೆರಳುಗಳು ಸೊಟ್ಟಗಾಗುತ್ತವೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಕ್ಯಾನ್ಸರಿನ ಕೆಲವು ಔಷಧಗಳು ಕೂಡ ನರಕ್ಕೆ ಹಾನಿ ಮಾಡುತ್ತವೆ.

ಔಷಧವೇ ಕಾರಣವಾಗುವ ಬಗೆಗಳಲ್ಲಿ ಒಂದನ್ನು ಒತ್ತಿ ಹೇಳಬೇಕು. ಜೋಮು ಎಂದೊಡನೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ‘ನರದ ವಿಟಮಿನ್’ ಮಾತ್ರೆಗಳಲ್ಲಿ ಬಿ12ರ ಜೊತೆ ಬಿ6 ಕೂಡ ಇರುತ್ತದೆ. ಬಿ6 ಅತಿಯಾದರೆ ಅದೇ ಜೋಮು ತರುತ್ತದೆ. 1983ರಲ್ಲಿ ಹರ್ಬರ್ಟ್ ಶಾಂಬರ್ಗ್ ಮತ್ತು ಸಂಗಡಿಗರು ದಿನಕ್ಕೆ 2ರಿಂದ 6 ಗ್ರಾಂ ಬಿ6 ತೆಗೆದುಕೊಂಡ 7 ಮಂದಿ ನಡಿಗೆಯ ಹಿಡಿತ ಕಳೆದುಕೊಂಡದ್ದನ್ನು ವರದಿ ಮಾಡಿದರು. ಆಮೇಲೆ ಅದಕ್ಕಿಂತ ಬಹಳ ಕಡಿಮೆ ಪ್ರಮಾಣವನ್ನು ದೀರ್ಘಕಾಲ ತೆಗೆದುಕೊಂಡವರಲ್ಲೂ ಹಾನಿ ಕಂಡುಬಂದದ್ದರಿಂದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2023ರಲ್ಲಿ ದೊಡ್ಡವರ ಗರಿಷ್ಠ ಮಿತಿಯನ್ನು ದಿನಕ್ಕೆ 12 ಮಿಲಿಗ್ರಾಂಗೆ ಇಳಿಸಿತು. ವೈದ್ಯರ ಸಲಹೆಯಿಲ್ಲದೆ ಎರಡು ಮೂರು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ಒಟ್ಟಿಗೆ ನುಂಗುವವರು ಮಾತ್ರೆ ಪಟ್ಟಿಯ ಹಿಂಬದಿಯನ್ನು ಓದಿ ನೋಡಬೇಕು.

ಪರೀಕ್ಷೆ

ಮೊದಲ ಸುತ್ತಿಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಟಿಎಸ್‌ಎಚ್, ಸಕ್ಕರೆ, ಕ್ಯಾಲ್ಸಿಯಂ, ಮೂತ್ರಪಿಂಡದ ಕ್ರಿಯಾಟಿನಿನ್ ಇವಿಷ್ಟು ರಕ್ತಪರೀಕ್ಷೆ. ಜೊತೆಗೆ ಹತ್ತಿಯ ಎಳೆ, ಪಿನ್ನು, 128 ಹರ್ಟ್ಸಿನ ಟ್ಯೂನಿಂಗ್ ಫೋರ್ಕ್ ಹಿಡಿದು ಕೈಕಾಲನ್ನು ಮುಟ್ಟಿ ನೋಡುವ ತಾಳ್ಮೆಯ ವೈದ್ಯರು. ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಲಭ್ಯ. ಅದರ ಮಿತಿ ತಿಳಿದಿರಬೇಕು: ಅದು ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿಯನ್ನೂ ಕಾವನ್ನೂ ಹೊರುವ ಸಣ್ಣ ತಂತುಗಳು ಕೆಟ್ಟಿದ್ದರೂ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಅಂಥಲ್ಲಿ ಕಾಲಿನಿಂದ 3 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದು ತಂತುಗಳನ್ನು ಎಣಿಸಿ ನೋಡುತ್ತಾರೆ.

ದಿಢೀರನೆ ಮೈಯ ಒಂದು ಪಕ್ಕ ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು, 108ಕ್ಕೆ ಕರೆಮಾಡಬೇಕು. ಎದೆ ಹಿಂಡಿ ಎಡತೋಳಿಗೆ, ದವಡೆಗೆ ಜೋಮು ಹರಿದರೆ ಹೃದಯ ನೋಡಬೇಕು. ತೊಡೆಸಂದು ಮರಗಟ್ಟಿ ಮೂತ್ರ ಕಟ್ಟಿದರೆ, ಜೋಮು ಕೆಲವೇ ದಿನಗಳಲ್ಲಿ ಪಾದದಿಂದ ಮೇಲೇರುತ್ತ ಕಾಲು ಸೋತರೆ ಅಂದೇ ಆಸ್ಪತ್ರೆ ಸೇರಬೇಕು. ಕುತ್ತಿಗೆ ಬಗ್ಗಿಸಿದಾಗಲೆಲ್ಲ ಬೆನ್ನಿನುದ್ದಕ್ಕೂ ಕರೆಂಟು ಹರಿದರೆ ಬೆನ್ನುಹುರಿಯ ಎಂಆರ್‌ಐ ಆಗಬೇಕು.

ಚಿಕಿತ್ಸೆ

ಕಾರಣ ಸಿಕ್ಕರೆ ಚಿಕಿತ್ಸೆ ಅದಕ್ಕೆ. ಕಾರ್ಪಲ್ ಟನಲ್ಲಿಗೆ ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಹಲವರಿಗೆ ಕೆಲವೇ ವಾರಗಳಲ್ಲಿ ನಿದ್ದೆ ಮರಳಿಸುತ್ತದೆ; ಸಾಲದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್, ನಂತರ ಚಿಕ್ಕ ಶಸ್ತ್ರಕ್ರಿಯೆ. ಬಿ12 ಕೊರತೆಗೆ 1000 ಮೈಕ್ರೋಗ್ರಾಂ ಇಂಜೆಕ್ಷನ್ನುಗಳು ಅಥವಾ ಅಷ್ಟೇ ಪ್ರಮಾಣದ ಮಾತ್ರೆ. ನರ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ನಡುವೆ ಬಿಟ್ಟುಬಿಡಬಾರದು.

ಎಲ್ಲ ಪರೀಕ್ಷೆಗಳೂ ಸರಿಯಿದ್ದು, ಜೋಮು ಮೈಬಿಸಿ ಮತ್ತು ರಾತ್ರಿ ಬೆವರಿನ ಜೊತೆಗೇ ಬಂದು ಹೋಗುತ್ತಿದ್ದರೆ ಹಾರ್ಮೋನೇ ಕಾರಣವೆಂದು ತಿಳಿಯಲು ಆಧಾರವಿದೆ. ಬರೀ ಜೋಮಿಗೆಂದು ಹಾರ್ಮೋನ್ ಚಿಕಿತ್ಸೆ ಕೊಡುವುದಿಲ್ಲ; ಮೈಬಿಸಿಗೆ ಕೊಟ್ಟಾಗ ಜೊತೆಗಿದ್ದ ಜೋಮೂ ಕೆಲವರಲ್ಲಿ ಇಳಿಯುತ್ತದೆ. ಗರ್ಭಕೋಶ ಉಳಿದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟೋಜನ್ ಕೊಡಲೇಬೇಕು, ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಇದು ಸಲ್ಲದು. ನರದ ನೋವಿಗೆ ಬಳಸುವ ಗ್ಯಾಬಪೆಂಟಿನ್ ಮೈಬಿಸಿಯನ್ನೂ ತಗ್ಗಿಸುತ್ತದೆ ಎಂಬುದು 2000ದಲ್ಲಿ ಅಮೆರಿಕದ ನರವೈದ್ಯ ಥಾಮಸ್ ಗುಟ್ಟೂಸೊ ಅವರಿಗೆ ಬೇರೆ ರೋಗದ ಚಿಕಿತ್ಸೆಯ ನಡುವೆ ಆಕಸ್ಮಿಕವಾಗಿ ಗೊತ್ತಾಯಿತು. 2003ರಲ್ಲಿ 59 ಹೆಂಗಸರ ಪ್ರಯೋಗ ಅದನ್ನು ಸಮರ್ಥಿಸಿತು. ಎರಡೂ ತೊಂದರೆ ಇರುವವರಿಗೆ ಅದು ಉಪಯೋಗಕ್ಕೆ ಬರುತ್ತದೆ, ತೂಕಡಿಕೆ ಅದರ ಅಡ್ಡಪರಿಣಾಮ. ಮೈಬಿಸಿಗೆ ಕೊಡುವ ವೆನ್‌ಲಾಫ್ಯಾಕ್ಸಿನ್, ಪರಾಕ್ಸೆಟಿನ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಯೊಳಗೆ ಕರೆಂಟು ಹೊಡೆದಂಥ ಅನುಭವವಾಗುತ್ತದೆ. ಹೊಸ ಕಾಯಿಲೆ ಬಂತೆಂದು ಹೆದರುವ ಅಗತ್ಯವಿಲ್ಲ, ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ ಬರಬೇಕು.

ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ ನೀವುವುದರಿಂದ ಒಣ ಚರ್ಮದ ನವೆಗೆ ಹಿತವಿದೆ, ತೊಂದರೆಯಿಲ್ಲ. ಸ್ಪರ್ಶ ತಪ್ಪಿದ ಕಾಲಿಗೆ ಬಿಸಿನೀರಿನ ಚೀಲ ಇಡುವುದು, ಕಾವು ಕೊಡುವುದು ಮಾತ್ರ ಅಪಾಯ. ಸುಟ್ಟದ್ದು ಗೊತ್ತೇ ಆಗದೆ ಗಾಯವಾಗುತ್ತದೆ. ಅಂಥವರು ಬರಿಗಾಲಲ್ಲಿ ಓಡಾಡದೆ, ದಿನಾ ರಾತ್ರಿ ಅಂಗಾಲು ತಿರುಗಿಸಿ ನೋಡಿಕೊಳ್ಳಬೇಕು. ಪರೀಕ್ಷೆಗಳಲ್ಲಿ ಏನೂ ಸಿಗದೆ ಜೋಮು ಉಳಿದವರನ್ನು ಆರು ತಿಂಗಳ ನಂತರ ಮತ್ತೆ ನೋಡಬೇಕು. ಥೈರಾಯ್ಡ್, ಸಕ್ಕರೆ, ಶೋಗ್ರೆನ್ ಇವು ಮೊದಲ ಸಲ ತಪ್ಪಿಸಿಕೊಂಡು ಎರಡನೆಯ ಸಲ ಸಿಕ್ಕುವ ಕಾಯಿಲೆಗಳು.